ಹಾಲು ಎಂದರೆ ಕಾಲು ಎಂದು ಕೇಳಿದಾಗ

ತಿಳಿದವನನ್ನು ಕನ್ನಡದಲ್ಲಿ ‘ಬಹುಶ್ರುತ’ ಎನ್ನುವುದುಂಟು. ಬಹಳ ಓದಿದವನು ಎಂದಲ್ಲ, ಬಹಳ ಕೇಳಿದವನು ಎಂದು ಅದರ ಅರ್ಥ. ಹಾವೇರಿ ಜಿಲ್ಲೆಯ ಮಟ್ಟಿಗೆ ಈ ಮಾತು ಅಕ್ಷರಶಃ ನಿಜ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಕೀರ್ತನೆಗಳು, ಅದೇ ತಾಲ್ಲೂಕಿನ ಶಿಶುನಾಳದ ಷರೀಫರ ತತ್ವಪದಗಳು, ಹಿರೇಕೆರೂರು ಸೀಮೆಯ ಅಬಲೂರಿನೊಂದಿಗೆ ಹೆಸರು ಕೂಡಿಕೊಂಡ ಸರ್ವಜ್ಞನ ತ್ರಿಪದಿಗಳು ಅಚ್ಚಿನಮನೆ ಕಾಣುವ ಮೊದಲು ಬಾಯಿಂದ ಕಿವಿಗೆ ದಾಟಿ ಬಂದವು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ ಅದೇ ತಾಲ್ಲೂಕಿನಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಪುಟ್ಟರಾಜ ಗವಾಯಿಗಳಿಗೂ ದೃಷ್ಟಿ ಇರಲಿಲ್ಲ. ಕಿವಿಯೇ ಅವರಿಗೆ ಪಾಟಿ, ಕಿವಿಯೇ ಪುಸ್ತಕ. ಕಾಕತಾಳೀಯವೆಂಬಂತೆ ವಿಶ್ವ ಆರೋಗ್ಯ ಸಂಸ್ಥೆ ‘ವಿಶ್ವ ಶ್ರವಣ ದಿನ’ವನ್ನು ಆಚರಿಸುವುದೂ ಮಾರ್ಚ್ 3ರಂದೇ.

ಇಂಥ ಸೀಮೆಯಲ್ಲೂ ಕಿವಿಗೆ ಸಿಗುವ ಆರೈಕೆ ಕಡಿಮೆ. ಕಣ್ಣಿನ ಮಾತು ಬೇರೆ. ಊರೂರಿಗೆ ಶಿಬಿರ ಒಯ್ದು ಪೊರೆ ತೆಗೆದ ಡಾ. ಎಂ.ಸಿ. ಮೋದಿಯವರನ್ನು ಉತ್ತರ ಕರ್ನಾಟಕದ ಹಿರಿಯರು ಇನ್ನೂ ನೆನೆಯುತ್ತಾರೆ. ‘ಕಣ್ಣಿನ ಕ್ಯಾಂಪ್’ ಎಂದರೆ ಇಂದಿಗೂ ಹಳ್ಳಿಯ ಜನ ತಾವಾಗಿಯೇ ಸಾಲುಗಟ್ಟುತ್ತಾರೆ. ಕಿವಿಗೆ ಆ ಯೋಗ ಬಂದಿಲ್ಲ. ಅದಕ್ಕೊಂದು ಕಾರಣವೂ ಇದೆ. ಕಣ್ಣಿನ ಪೊರೆ ಸಾಮಾನ್ಯವಾಗಿ ಒಂದು ಶಸ್ತ್ರಚಿಕಿತ್ಸೆಯಲ್ಲಿ ಕಳೆಯುತ್ತದೆ. ಪಟ್ಟಿ ಬಿಚ್ಚಿದರೆ ಬೆಳಕು. ಕಿವಿ ಹಾಗಲ್ಲ. ಒಮ್ಮೆ ಹೋಗಿ ಪರೀಕ್ಷೆ ಮಾಡಿಸಬೇಕು, ಮತ್ತೊಮ್ಮೆ ಹೋಗಿ ಯಂತ್ರ ಹೊಂದಿಸಿಕೊಳ್ಳಬೇಕು, ಮಗದೊಮ್ಮೆ ಹೋಗಿ ಅದನ್ನು ತಿದ್ದಿಸಿಕೊಳ್ಳಬೇಕು. ಮೊದಲ ಓಡಾಟಕ್ಕೇ ನಿಂತುಬಿಟ್ಟವರ ಯಂತ್ರ ಟ್ರಂಕಿನಲ್ಲಿ ಉಳಿಯುತ್ತದೆ, ಕಿವಿ ಇದ್ದಲ್ಲೇ ಇರುತ್ತದೆ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಜನಕ್ಕೆ ಈ ಓಡಾಟ ಏಕೆ ಬೇಕು, ಪ್ರತಿಯೊಂದು ಓಡಾಟದಲ್ಲಿ ಕೈಗೆ ಸಿಗುವುದೇನು ಎಂಬುದನ್ನು ವಿಚಾರಿಸೋಣ.

ಕೇಳಿಸುತ್ತದೆ, ತಿಳಿಯುವುದಿಲ್ಲ

ವಯಸ್ಸಾದವರ ಕಿವಿ ಒಮ್ಮೆಲೇ ಮುಚ್ಚುವುದಿಲ್ಲ. ಮೊದಲು ಜಾರುವುದು ತಾರಕದ ಸಣ್ಣ ಸದ್ದುಗಳು. ಮಾತಿನಲ್ಲಿ ಸ್ವರಗಳು ಗಟ್ಟಿ. ಕ, ತ, ಪ, ಸ, ಹ ಮುಂತಾದ ವ್ಯಂಜನಗಳು ಮೆದು. ಕಿವಿ ಮಂದವಾದಾಗ ಸ್ವರ ಉಳಿದು ವ್ಯಂಜನ ಹೋಗುತ್ತದೆ. ಹಾಲು ಎಂದರೂ ಸಾಲು ಎಂದರೂ ಪಾಲು ಎಂದರೂ ಅಜ್ಜನಿಗೆ ಕೇಳಿಸುವುದು ‘ಆಲು’ ಮಾತ್ರ. ಉಳಿದದ್ದನ್ನು ಆತ ಊಹಿಸಿಕೊಳ್ಳಬೇಕು. ‘ಯಜ್ಜಾ, ಹಾಲು ಕುಡೀತಿಯೇನು?’ ಎಂದು ಮೊಮ್ಮಗಳು ಕೇಳಿದರೆ ‘ಕಾಲು ಈಗ ಭಾಳ ನೋಯಂಗಿಲ್ಲ ತಗೋ ಯವ್ವಾ’ ಎಂಬ ಉತ್ತರ ಬರುತ್ತದೆ. ಮನೆಯವರು ನಗುತ್ತಾರೆ. ನಾಲ್ಕು ಸಲ ನಕ್ಕ ಮೇಲೆ ಅಜ್ಜ ಮಾತಿಗೆ ಕೂಡುವುದನ್ನೇ ಬಿಡುತ್ತಾನೆ.

‘ಬೇಕಾದ್ದು ಮಾತ್ರ ಕೇಳ್ತೈತಿ ಅವಗ’ ಎಂಬ ದೂರು ಎಷ್ಟೋ ಮನೆಗಳಲ್ಲಿದೆ. ಇದು ಕಪಟವಲ್ಲ. ಗಂಡಸರ ದಪ್ಪ ದನಿ ಕೇಳಿಸಿ ಹೆಂಗಸರ, ಮಕ್ಕಳ ದನಿ ತಪ್ಪಿಹೋಗುವುದು, ನಸುಕಿನ ನಿಶ್ಶಬ್ದದಲ್ಲಿ ತಿಳಿದ ಮಾತು ಟಿವಿ ಹಚ್ಚಿದಾಗ ತಿಳಿಯದಿರುವುದು ಈ ಬಗೆಯ ಕಿವುಡಿನ ಲಕ್ಷಣ. ಕೂಗಿ ಹೇಳಿದರೂ ಪ್ರಯೋಜನ ಅಷ್ಟಕ್ಕಷ್ಟೇ. ಕೂಗಿದಾಗ ದೊಡ್ಡದಾಗುವುದು ಹೆಚ್ಚಾಗಿ ಸ್ವರವೇ ಹೊರತು ವ್ಯಂಜನವಲ್ಲ. ಕೂಗಿದವನ ಮುಖದ ಸಿಟ್ಟು ಮಾತ್ರ ಅಜ್ಜನಿಗೆ ಸ್ಪಷ್ಟವಾಗಿ ಕಾಣುತ್ತದೆ.

ನಷ್ಟ ಬರೀ ಮಾತುಕತೆಯದಲ್ಲ. ಹೊಲದ ಹಿಸ್ಸೆಯ ಮಾತು, ಉಪನೋಂದಣಿ ಕಚೇರಿಯಲ್ಲಿ ಓದಿ ಹೇಳಿದ ಕಾಗದ, ವೈದ್ಯರು ಹೇಳಿದ ಗುಳಿಗೆಯ ಲೆಕ್ಕ, ಹಿಂದಿನಿಂದ ಬರುವ ಲಾರಿಯ ಹಾರ್ನು - ಇವು ಯಾವುವೂ ಊಹೆಯ ಮೇಲೆ ನಡೆಯಬಾರದಂಥವು. ತಲೆಯಾಡಿಸಿದವರೆಲ್ಲ ತಿಳಿದು ತಲೆಯಾಡಿಸಿದವರಲ್ಲ. ಮರೆಗುಳಿತನದ ರೋಗಕ್ಕೆ ದಾರಿ ಮಾಡುವ, ಆದರೆ ತಡೆಯಬಹುದಾದ ಕಾರಣಗಳ ಪಟ್ಟಿಯಲ್ಲಿ ಕಿವಿ ಮಂದವಾಗುವುದನ್ನೂ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2020ರಲ್ಲಿ ಸೇರಿಸಿದೆ.

ಮಗುವಿಗೆ ಕಾಯುವ ವ್ಯವಧಾನವಿಲ್ಲ

ಅಜ್ಜನಿಗೆ ಊಹಿಸಲಾದರೂ ಭಾಷೆ ಇದೆ. ಹುಟ್ಟುತ್ತಲೇ ಕಿವಿ ಕೇಳದ ಕೂಸಿಗೆ ಅದೂ ಇಲ್ಲ. ಮಗು ಮಾತು ಕಲಿಯುವುದು ಮಾತು ಕೇಳಿ. ಮೊದಲ ಎರಡು-ಮೂರು ವರ್ಷ ಮಿದುಳು ಇದಕ್ಕೆಂದೇ ಹದವಾಗಿರುತ್ತದೆ. ಆ ಹದ ಮೀರಿದ ಮೇಲೆ ಬಿತ್ತಿದ ಬೀಜ ಅಷ್ಟಾಗಿ ಹುಟ್ಟುವುದಿಲ್ಲ. ಅದಕ್ಕೇ ತಜ್ಞರು 1-3-6 ಎಂಬ ಲೆಕ್ಕ ಹೇಳುತ್ತಾರೆ. ಒಂದು ತಿಂಗಳೊಳಗೆ ಪ್ರಾಥಮಿಕ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ.

ಊರಿನ ಲೆಕ್ಕ ಬೇರೆ. ‘ಅವರಪ್ಪನೂ ಮೂರು ವರ್ಷಕ್ಕ ಮಾತಾಡಿದ್ದ, ಇವನೂ ಆಡ್ತಾನ ಬಿಡು’ ಎಂಬ ಸಮಾಧಾನದಲ್ಲಿ ಮೂರು ವರ್ಷ ಹೋಗುತ್ತವೆ. ಅನುಮಾನ ಬಂದ ತಾಯಿ ಮಗುವಿನ ಬೆನ್ನ ಹಿಂದೆ ತಾಟು ಬಡಿದು ನೋಡುತ್ತಾಳೆ. ಮಗು ತಿರುಗಿದರೆ ನಿಟ್ಟುಸಿರು. ಆದರೆ ತಾಟಿನ ಸದ್ದು ಮಾತಿಗಿಂತ ಬಹಳ ದೊಡ್ಡದು; ಅಷ್ಟಲ್ಲದೆ ನೆಲದ ಕಂಪನಕ್ಕೆ, ಕೈಯ ನೆರಳಿಗೆ ಕೂಡ ಮಗು ತಿರುಗೀತು. ತಾಟಿಗೆ ತಿರುಗಿದ ಮಗುವಿಗೆ ತಾಯಿಯ ಜೋಗುಳ ಕೇಳಿಸದೆ ಇರಬಹುದು.

ತೂಕ ಕಡಿಮೆ ಇದ್ದು ಹುಟ್ಟಿದ, ಹುಟ್ಟಿದಾಗ ಅಳದ, ತೀವ್ರ ಕಾಮಾಲೆಯಾದ, ಮಿದುಳು ಜ್ವರ ಬಂದ ಮಕ್ಕಳ ಕಿವಿಯನ್ನು ತಪ್ಪದೆ ಪರೀಕ್ಷಿಸಬೇಕು. ಬಸುರಿನಲ್ಲಿ ತಾಯಿಗೆ ರುಬೆಲ್ಲಾ ತಗುಲಿದರೂ ಕೂಸಿನ ಕಿವಿಗೆ ಅಪಾಯ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಆರಂಭವಾದ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನಕ್ಕೆ ಈ ಮುಖವೂ ಇತ್ತು. ಇನ್ನೊಂದು ಕಾರಣ ನಮ್ಮ ಮನೆಯೊಳಗಿನದು. ರಕ್ತಸಂಬಂಧದಲ್ಲಿ ಮದುವೆ ಹೆಚ್ಚಾಗಿ ನಡೆಯುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸೋದರಮಾವ-ಸೊಸೆ, ಅತ್ತೆಯ ಮಗ-ಮಾವನ ಮಗಳು ಮದುವೆಯಾದಾಗ, ಇಬ್ಬರಲ್ಲೂ ಅಡಗಿರುವ ಒಂದೇ ದೋಷ ಮಗುವಿನಲ್ಲಿ ಕೂಡಿಕೊಳ್ಳುವ ಸಂಭವ ಹೆಚ್ಚು. ತಂದೆ-ತಾಯಿ ಇಬ್ಬರ ಕಿವಿಯೂ ಚುರುಕಾಗಿರುವಾಗ ‘ನಮ್ಮ ಮನೆತನದಾಗ ಯಾರೂ ಕಿವುಡರಿಲ್ಲ’ ಎಂದು ಸುಮ್ಮನೆ ಕೂಡುವಂತಿಲ್ಲ. ತಾಯಿಯನ್ನು ದೂರುವಂತೆಯೂ ಇಲ್ಲ.

ಮೊದಲ ಓಡಾಟ

1997ರಲ್ಲಿ ಹಾವೇರಿ ಜಿಲ್ಲೆಯಾಗುವ ಮುನ್ನ ಈ ನಾಲ್ಕೂ ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಜಿಲ್ಲೆ ಬೇರೆಯಾದರೂ ದೊಡ್ಡ ಕಾಯಿಲೆಗೆ ಹುಬ್ಬಳ್ಳಿಯ ಬಸ್ಸು ಹತ್ತುವ ರೂಢಿ ಹೋಗಿಲ್ಲ. 1957ರಲ್ಲಿ ಆರಂಭವಾದ, ಜನ ‘ಕಿಮ್ಸ್’ ಎಂದು ಕರೆಯುತ್ತ ಬಂದ ಸರ್ಕಾರಿ ವೈದ್ಯಕೀಯ ಕಾಲೇಜು ಅಲ್ಲಿದೆ. ಧಾರವಾಡದಲ್ಲಿ ಜೆ.ಎಸ್.ಎಸ್. ವಾಕ್ ಶ್ರವಣ ಸಂಸ್ಥೆ ಇದೆ. ಹಿರೇಕೆರೂರಿನವರಿಗೆ ದಾವಣಗೆರೆ, ಶಿವಮೊಗ್ಗ ಅನುಕೂಲವಾದೀತು. ದೂರದ ಮೈಸೂರಿನಲ್ಲಿರುವ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಗೆ ದೇಶದಲ್ಲೇ ದೊಡ್ಡ ಮನೆ.

ಆದರೆ ಮೊದಲೇ ಅಷ್ಟು ದೂರ ಹೋಗಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಬಹುದು. ಕೇಂದ್ರ ಸರ್ಕಾರ 2006-07ರಲ್ಲಿ ಆರಂಭಿಸಿದ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದ ಉದ್ದೇಶವೇ ಇಂಥ ಪರೀಕ್ಷೆ ಜಿಲ್ಲಾ ಮಟ್ಟದಲ್ಲಿ ಸಿಗುವಂತೆ ಮಾಡುವುದು. ಶ್ರವಣತಜ್ಞರು ಯಾವ ವಾರ, ಎಷ್ಟು ಹೊತ್ತಿಗೆ ಇರುತ್ತಾರೆಂದು ಆಶಾ ಕಾರ್ಯಕರ್ತೆಯಿಂದ ಮೊದಲೇ ವಿಚಾರಿಸಿಕೊಂಡು ಹೊರಟರೆ ಒಂದು ದಿನದ ಕೂಲಿ ಉಳಿದೀತು.

ಇಲ್ಲಿ ಇಬ್ಬರ ಕೆಲಸವನ್ನು ಬೇರೆ ಬೇರೆ ತಿಳಿಯಬೇಕು. ಕಿವಿ-ಮೂಗು-ಗಂಟಲಿನ ವೈದ್ಯರು ರೋಗ ನೋಡಿ ಔಷಧ, ಶಸ್ತ್ರಚಿಕಿತ್ಸೆ ಕೊಡುತ್ತಾರೆ. ಆಡಿಯಾಲಜಿಸ್ಟ್ ಅಥವಾ ಶ್ರವಣತಜ್ಞರು ಕಿವಿ ಎಷ್ಟು, ಎಲ್ಲಿ, ಹೇಗೆ ಕೇಳುತ್ತದೆಂದು ಅಳೆಯುತ್ತಾರೆ, ಯಂತ್ರ ಹೊಂದಿಸುತ್ತಾರೆ, ಕೇಳುವುದನ್ನು ಮತ್ತೆ ರೂಢಿ ಮಾಡಿಸುತ್ತಾರೆ.

ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ. ಸದ್ದು ಒಳಬಾರದ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ‘ಪೀ’ ಎಂಬ ನಾದ ದಪ್ಪದಿಂದ ತೆಳುವಿನವರೆಗೆ, ಅಂದರೆ 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ, ದೊಡ್ಡದಾಗಿ ಸಣ್ಣದಾಗಿ ಬರುತ್ತದೆ. ಎಷ್ಟೇ ಸಣ್ಣಗೆ ಕೇಳಿಸಿದರೂ ಬೆರಳೆತ್ತಬೇಕು. ಬಳಿಕ ಕಿವಿಯ ಹಿಂದಿನ ಎಲುಬಿಗೆ ಪುಟ್ಟ ಬಿಲ್ಲೆಯೊಂದನ್ನು ಒತ್ತಿಟ್ಟು ಅದೇ ಪರೀಕ್ಷೆ. ಹೆಡ್‌ಫೋನಿನಲ್ಲಿ ಕೇಳಿಸದ್ದು ಎಲುಬಿನ ಮೂಲಕ ಕೇಳಿಸಿದರೆ ತೊಂದರೆ ಹೊರಗಿವಿಯಲ್ಲೋ ನಡುಗಿವಿಯಲ್ಲೋ ಇದೆ; ಎರಡರಲ್ಲೂ ಕೇಳಿಸದಿದ್ದರೆ ಒಳಗಿವಿ ಅಥವಾ ನರದ ತೊಂದರೆ. ಫಲಿತಾಂಶವನ್ನು ಆಡಿಯೋಗ್ರಾಮ್ ಎಂಬ ಚೌಕುಳಿ ಹಾಳೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತಿನಿಂದ ಬರೆಯುತ್ತಾರೆ. ಕನ್ನಡದ ಪದಗಳನ್ನು ಹೇಳಿ ತಿರುಗಿ ಹೇಳಿಸುವ ಪರೀಕ್ಷೆಯೂ ಉಂಟು. ಹಾಲು-ಕಾಲುಗಳ ಗುಟ್ಟು ರಟ್ಟಾಗುವುದು ಅಲ್ಲೇ.

ಬೆರಳೆತ್ತಲು ಬಾರದ ಕೂಸಿಗೂ ಪರೀಕ್ಷೆ ಇದೆ. ಆರೋಗ್ಯವಂತ ಒಳಗಿವಿ ಸದ್ದಿಗೆ ಉತ್ತರವಾಗಿ ತಾನೂ ಅತಿ ಸಣ್ಣ ಸದ್ದೊಂದನ್ನು ಹೊರಡಿಸುತ್ತದೆ. ಇಂಗ್ಲೆಂಡಿನ ಡೇವಿಡ್ ಕೆಂಪ್ 1978ರಲ್ಲಿ ಕಂಡುಕೊಂಡ ಈ ಪ್ರತಿಧ್ವನಿಯನ್ನು ಹಿಡಿಯುವ ‘ಓಎಇ’ ಉಪಕರಣವನ್ನು ಮಲಗಿದ ಮಗುವಿನ ಕಿವಿಗಿಟ್ಟರೆ ಕೆಲವೇ ನಿಮಿಷಗಳಲ್ಲಿ ಉತ್ತರ ಸಿಗುತ್ತದೆ. ಅನುಮಾನ ಉಳಿದರೆ ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಸದ್ದು ನರದ ಮೂಲಕ ಮಿದುಳಿನತ್ತ ಹೋಗುವುದನ್ನು ನೋಡುವ ‘ಬೆರಾ’ ಪರೀಕ್ಷೆ. ಮೊದಲ ತಪಾಸಣೆಯಲ್ಲಿ ‘ಮತ್ತೆ ಬನ್ನಿ’ ಎಂದರೆ ಮಗು ಕಿವುಡೆಂದು ಅರ್ಥವಲ್ಲ. ಆದರೆ ಮತ್ತೆ ಹೋಗದೆ ಇರಬಾರದು.

ಎಲ್ಲಕ್ಕೂ ಯಂತ್ರವಲ್ಲ

ಪರೀಕ್ಷೆಯಿಲ್ಲದೆ ಯಂತ್ರ ಕೊಳ್ಳಬಾರದು. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ತೆಗೆದ ಕೂಡಲೇ ಕಿವಿ ತೆರೆದೀತು. ಕಿವಿ ಸೋರುವುದನ್ನು ಔಷಧದಿಂದ ನಿಲ್ಲಿಸಬಹುದು. ತಮಟೆಯಲ್ಲಿ ತೂತು ಉಳಿದರೆ ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು. ಸೋರುವ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು, ಹೇರ್‌ಪಿನ್ನು, ಬೆಂಕಿಕಡ್ಡಿ ಆಡಿಸುವುದು, ಸಂತೆಯಲ್ಲಿ ಗುಗ್ಗೆ ತೆಗೆಯುವವರ ಮುಂದೆ ಕೂಡುವುದು ಇದ್ದ ತಮಟೆಯನ್ನೂ ಕಳೆದುಕೊಳ್ಳುವ ದಾರಿ.

ಎರಡು ಸಂದರ್ಭಗಳಲ್ಲಿ ತಡ ಮಾಡಲೇಬಾರದು. ರಾತ್ರಿ ಸರಿಯಾಗಿದ್ದ ಕಿವಿ ಬೆಳಿಗ್ಗೆ ಏಳುವಷ್ಟರಲ್ಲಿ ಕೇಳದಂತಾದರೆ ಅದು ತುರ್ತು ಪ್ರಸಂಗ. ಬೇಗ ಔಷಧ ಆರಂಭಿಸಿದಷ್ಟೂ ಕಿವಿ ಮರಳುವ ಆಸೆ ಹೆಚ್ಚು. ಸೋರುವ ಕಿವಿಯ ಜತೆ ತಲೆಸುತ್ತು, ಮುಖ ವಾರೆಯಾಗುವುದು, ಕಿವಿ ಹಿಂದೆ ಬಾವು ಕಂಡರೂ ಅಷ್ಟೇ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಇಂಜೆಕ್ಷನ್‌ಗಳು ಒಳಗಿವಿಗೆ ಪೆಟ್ಟು ಕೊಡಬಲ್ಲವು. ಕ್ಷಯಕ್ಕೋ ಬೇರೆ ರೋಗಕ್ಕೋ ಇವನ್ನು ಪಡೆಯುವವರು ಕಿವಿಯಲ್ಲಿ ಗುಂಯ್‌ಗುಡುವುದು ಕಂಡ ಕೂಡಲೇ ವೈದ್ಯರಿಗೆ ಹೇಳಬೇಕು, ತಾವಾಗಿ ಔಷಧ ಬಿಡಬಾರದು.

ಸದ್ದಿನ ಹೊಡೆತಕ್ಕೆ ಮಾತ್ರ ಔಷಧವೂ ಇಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದೆನ್ನುತ್ತಾರೆ; ಅದರ ಮೇಲೆ 3 ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧವಾಗಬೇಕು. ಅಕ್ಕಿ ಗಿರಣಿ, ಗೋವಿನಜೋಳದ ರಾಶಿ ಯಂತ್ರ, ಟ್ರ್ಯಾಕ್ಟರ್‌ಗಳ ಹತ್ತಿರ ದುಡಿಯುವವರು ಕಿವಿಗೆ ಬೆಣೆ ಇಟ್ಟುಕೊಳ್ಳುವುದು ಒಳ್ಳೆಯದು. ದೀಪಾವಳಿಯ ನಂತರ ಹೋರಿ ಬೆದರಿಸುವ ಸ್ಪರ್ಧೆ ಈ ಸೀಮೆಯ ಹೆಮ್ಮೆ. ಅಲ್ಲಿ ಕಿವಿಯ ಪಕ್ಕದಲ್ಲೇ ಸಿಡಿಯುವ ಪಟಾಕಿಯ ಬಗ್ಗೆ ಒಂದು ಮಾತು. ಸಿಡಿದಲ್ಲಿಂದ 4 ಮೀಟರ್ ದೂರದಲ್ಲಿ ಪಟಾಕಿಯ ಸದ್ದು 125 ಡೆಸಿಬಲ್ ಮೀರಬಾರದೆಂದು 1999ರ ಕೇಂದ್ರ ನಿಯಮ ಹೇಳುತ್ತದೆ. ತೋಳಿನಳತೆಯಲ್ಲಿ ಸಿಡಿದದ್ದಕ್ಕೆ ಈ ಲೆಕ್ಕವೂ ಇಲ್ಲ.

ಎರಡನೆಯದು, ಮೂರನೆಯದು

ಯಂತ್ರ ಬೇಕೆಂದಾದರೆ ಮೊದಲು ಕಿವಿಯ ಅಚ್ಚು ತೆಗೆಯುತ್ತಾರೆ. ಪ್ರತಿಯೊಬ್ಬರ ಕಿವಿಯೂ ಬೇರೆ. ಚಪ್ಪಲಿಯಂತೆ ಒಬ್ಬರದು ಇನ್ನೊಬ್ಬರಿಗೆ ಆಗದು. ಅಚ್ಚು ಸಡಿಲಾದರೆ ಯಂತ್ರ ಸಿಳ್ಳೆ ಹಾಕುತ್ತದೆ. ಬೆಳೆಯುವ ಮಕ್ಕಳಿಗೆ ಅಚ್ಚನ್ನು ಆಗಾಗ ಹೊಸದಾಗಿ ಮಾಡಿಸಬೇಕು. ಅಂಗಿಯ ಜೇಬಿನಲ್ಲಿ ಡಬ್ಬಿ, ಅದರಿಂದ ಕಿವಿಗೆ ತಂತಿ ಇದ್ದ ಕಾಲ ಹಿಂದಾಯಿತು. ಈಗಿನ ಡಿಜಿಟಲ್ ಯಂತ್ರ ಕಿವಿಯ ಹಿಂದೆ ಅಡಗುತ್ತದೆ. ಆಡಿಯೋಗ್ರಾಮ್ ನೋಡಿ ಕಡಿಮೆಯಾದ ಕಡೆ ಮಾತ್ರ ಸದ್ದು ಏರಿಸುವಂತೆ ಅದನ್ನು ಕಂಪ್ಯೂಟರಿನಲ್ಲಿ ಹೊಂದಿಸುತ್ತಾರೆ. ಅಂಗಡಿಯಲ್ಲೋ ಫೋನಿನ ಜಾಹೀರಾತು ನೋಡಿಯೋ ಕೊಂಡ ಸದ್ದು ಹೆಚ್ಚಿಸುವ ಡಬ್ಬಿಗೆ ಈ ಜಾಣತನವಿಲ್ಲ. ಅದು ಎಲ್ಲವನ್ನೂ ದೊಡ್ಡದು ಮಾಡುತ್ತದೆ.

ಮೊದಲ ವಾರವೇ ಕಷ್ಟದ್ದು. ವರ್ಷಗಟ್ಟಲೆ ಮರೆತಿದ್ದ ಪಾತ್ರೆಯ ಸಪ್ಪಳ, ಫ್ಯಾನಿನ ಗಾಳಿ, ತನ್ನದೇ ಹೆಜ್ಜೆ ಎಲ್ಲವೂ ಮೈಮೇಲೆ ಬಂದಂತಾಗುತ್ತದೆ. ‘ಬರೇ ಗದ್ದಲ, ಮಾತೇ ತಿಳಿಯಂಗಿಲ್ಲ’ ಎಂದು ತೆಗೆದಿಡುವುದು ಇದೇ ಹೊತ್ತಿನಲ್ಲಿ. ಮಿದುಳಿಗೆ ಬೇಕಾದ್ದನ್ನು ಆರಿಸಿಕೊಳ್ಳುವುದು ಮತ್ತೆ ರೂಢಿಯಾಗಲು ವಾರಗಳೇ ಬೇಕು. ಮೊದಲು ಮನೆಯೊಳಗೆ ಒಬ್ಬರೊಡನೆ ತಾಸು ಹೊತ್ತು, ಆಮೇಲೆ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ, ಕೊನೆಗೆ ಸಂತೆ, ಬಸ್ಸು. ತಿಂಗಳಾದ ಮೇಲೆ ತಿರುಗಿ ಹೋಗಿ ಎಲ್ಲಿ ತೊಡಕಾಯಿತೆಂದು ಹೇಳಿದರೆ ಶ್ರವಣತಜ್ಞರು ಯಂತ್ರವನ್ನು ತಿದ್ದುತ್ತಾರೆ. ಯಂತ್ರ ನಿಜವಾಗಿ ಅಜ್ಜನದಾಗುವುದು ಆ ಮೂರನೆಯ ಓಡಾಟದಲ್ಲಿ.

ಸಣ್ಣ ಸಂಗತಿಗಳೂ ದೊಡ್ಡವೇ. ಇದರ ಸೆಲ್ಲು ಗಡಿಯಾರದ ಸೆಲ್ಲಲ್ಲ. ಮೇಲಿನ ಚೀಟಿ ಕಿತ್ತಾಗ ಗಾಳಿ ತಾಗಿ ಕೆಲಸ ಆರಂಭಿಸುತ್ತದೆ, ಮತ್ತೆ ಚೀಟಿ ಅಂಟಿಸಿದರೆ ಉಳಿಯದು. ಹುಬ್ಬಳ್ಳಿಗೆ ಹೋದಾಗಲೇ ನಾಲ್ಕಾರು ತಿಂಗಳಿಗೆ ಆಗುವಷ್ಟು ತಂದಿಟ್ಟುಕೊಳ್ಳಬೇಕು. ಹಾನಗಲ್ ಕಡೆಯ ಮಳೆಗಾಲದ ತಂಪಿನಲ್ಲಿ ರಾತ್ರಿ ಯಂತ್ರವನ್ನು ತೇವ ಹೀರುವ ಹರಳಿನ ಡಬ್ಬಿಯಲ್ಲಿಡಬೇಕು.

ಯಂತ್ರದಿಂದಲೂ ಕೇಳದ ಮಗುವಿಗೆ ಒಳಗಿವಿಯಲ್ಲಿ ತಂತಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಅದರಲ್ಲೂ ಶಸ್ತ್ರಚಿಕಿತ್ಸೆ ಅರ್ಧ ದಾರಿ. ಉಳಿದರ್ಧ ವರ್ಷಗಟ್ಟಲೆಯ ಮಾತಿನ ತರಬೇತಿ. ಮನೆಯಲ್ಲಿ ತಾಯಿ ರೊಟ್ಟಿ ಬಡಿಯುತ್ತ ‘ಇದು ಹಿಟ್ಟು, ಇದು ಹಂಚು’ ಎಂದು ಹೇಳಿಕೊಡುವುದೂ ಚಿಕಿತ್ಸೆಯೇ. ಸಂಜ್ಞೆಯ ಭಾಷೆಯಲ್ಲಿ ಬೆಳೆದು ಓದಿ ಮೇಲೆ ಬಂದವರೂ ಇದ್ದಾರೆ. ಯಾವ ದಾರಿಯಾದರೂ ಸರಿ, ಮಗುವಿಗೆ ಒಂದು ಭಾಷೆ ಬೇಗ ಸಿಗಬೇಕು.

ಖರ್ಚು, ಕಾಗದ

ಬಡವರಿಗೆ ಯಂತ್ರ ಕೊಡಲು ಕೇಂದ್ರದ ‘ಎಡಿಐಪಿ’ ಯೋಜನೆ ಇದೆ. 2014ರ ಪರಿಷ್ಕರಣೆಯಲ್ಲಿ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟಿಗೆ 6 ಲಕ್ಷ ರೂಪಾಯಿವರೆಗಿನ ನೆರವನ್ನು ಅದರಲ್ಲಿ ಸೇರಿಸಲಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದವರು ಮಂದಶ್ರವಣದವರು, 70 ಡೆಸಿಬಲ್ ನಷ್ಟವಿದ್ದವರು ಕಿವುಡರು. ಯುಡಿಐಡಿ ಕಾರ್ಡಿಗೂ ಸೌಲಭ್ಯಗಳಿಗೂ ಆಡಿಯೋಗ್ರಾಮ್ ಹಾಳೆಯೇ ಆಧಾರ. ಅದನ್ನು ತಾಯಿ ಕಾರ್ಡಿನಷ್ಟೇ ಜೋಪಾನವಾಗಿಡಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದಾಗ ‘ನಮ್ಮ ಹುಡುಗನ ಕಿವಿ ನೋಡ್ರಿ’ ಎಂದು ಕೇಳುವ ಹಕ್ಕು ತಾಯಿಗಿದೆ. ಇನ್ನು ಬಸ್ಸಿನ ಖರ್ಚು. 2023ರ ಜೂನ್ ತಿಂಗಳಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿಲ್ಲ. ಅಜ್ಜಿಯನ್ನು ಮೂರನೆಯ ಸಲ ಹುಬ್ಬಳ್ಳಿಗೆ ಕರೆದೊಯ್ಯಲು ಸೊಸೆಗೆ ಇದೊಂದು ಅಡ್ಡಿ ಕಡಿಮೆಯಾದಂತಾಯಿತು.

ಜಗತ್ತಿನಲ್ಲಿ 43 ಕೋಟಿ ಜನಕ್ಕೆ ಶ್ರವಣದ ಆರೈಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಅಂದಾಜು ಮಾಡಿದೆ. ಅಷ್ಟು ದೂರ ನೋಡದೆ ನಮ್ಮ ಓಣಿಯನ್ನೇ ನೋಡಿಕೊಂಡರೂ ಸಾಕು. ಮಠಗಳು, ಯುವಕ ಸಂಘಗಳು, ಸಹಕಾರಿ ಬ್ಯಾಂಕುಗಳು ಕಣ್ಣಿನ ಶಿಬಿರದಂತೆ ಕಿವಿಯ ಶಿಬಿರವನ್ನೂ ನಡೆಸಲಿ. ಒಂದೇ ಒಂದು ಬದಲಾವಣೆ ಇರಲಿ: ಕರಪತ್ರದಲ್ಲಿ ಎರಡು ತಾರೀಖು ಅಚ್ಚಾಗಲಿ. ಮೊದಲನೆಯದು ಯಂತ್ರ ಕೊಡುವ ದಿನ. ತಿಂಗಳ ನಂತರದ ಎರಡನೆಯದು, ಕೊಟ್ಟ ಯಂತ್ರಗಳನ್ನು ತಿದ್ದುವ ದಿನ. ಎರಡನೆಯ ದಿನ ಹಾರ, ಭಾಷಣ, ಫೋಟೊ ಇರುವುದಿಲ್ಲ. ಅಜ್ಜ ಮೊಮ್ಮಗಳಿಗೆ ‘ಹಾಲು ಸಾಕವ್ವಾ, ಚಹಾ ಮಾಡು’ ಎಂದು ಸರಿಯಾದ ಉತ್ತರ ಕೊಡುವುದು ಮಾತ್ರ ಆ ದಿನದ ಪುಣ್ಯದಿಂದಲೇ.